ಜಿಗಿದರೆ ಮಂಡಿ ನೋವು: ವಾಲಿಬಾಲ್ ಅಂಕಣಕ್ಕೆ ಮರಳುವುದು ಹೇಗೆ?

ಮಂಡಿಚಿಪ್ಪಿನ ಕೆಳತುದಿಯಲ್ಲಿ, ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವು. ಆಟ ಶುರುವಾದಾಗ ಚುಚ್ಚುತ್ತದೆ, ಮೈ ಬಿಸಿಯಾದ ಮೇಲೆ ಕಮ್ಮಿಯಾಗುತ್ತದೆ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮತ್ತೆ ಹಿಡಿದುಕೊಳ್ಳುತ್ತದೆ. ವಾಲಿಬಾಲ್ ಆಡುವವರಲ್ಲಿ ತುಂಬಾ ಕಾಣುವ ಇದಕ್ಕೆ ‘ಜಂಪರ್ಸ್ ನೀ’ ಎನ್ನುತ್ತಾರೆ. ಮಂಡಿಚಿಪ್ಪನ್ನು ಕೆಳಗಿನ ಎಲುಬಿಗೆ ಜೋಡಿಸುವ ಗಟ್ಟಿ ಪಟ್ಟಿಯೇ ಟೆಂಡನ್. ಪ್ರತಿ ಸ್ಮ್ಯಾಶ್‌ಗೂ ಬ್ಲಾಕ್‌ಗೂ ಅದು ಸ್ಪ್ರಿಂಗಿನಂತೆ ಎಳೆದು ಬಿಡುತ್ತದೆ. ತಾಳುವುದಕ್ಕಿಂತ ಜಾಸ್ತಿ ಕೆಲಸ ಬಿದ್ದಾಗ ನೋವು ಶುರು.

ಆಗ ಹೆಚ್ಚಿನವರು ಮಾಡುವುದೇನು? ಮೂರು ವಾರ ಸುಮ್ನೆ ಕೂರುತ್ತಾರೆ. ನೋವು ಹೋಗುತ್ತದೆ. ಟೂರ್ನಮೆಂಟ್ ಬಂತೆಂದು ನೇರ ಅಂಕಣಕ್ಕಿಳಿಯುತ್ತಾರೆ, ಎರಡನೇ ಸೆಟ್‌ಗೆ ಮತ್ತೆ ಅದೇ ನೋವು. ವಿಶ್ರಾಂತಿಯಿಂದ ನೋವು ತಗ್ಗುತ್ತದೆ, ಟೆಂಡನ್‌ಗೆ ಬಲ ಬರುವುದಿಲ್ಲ. ಇದು ಗೊತ್ತಿಲ್ಲದೆ ಚೆನ್ನಾಗಿ ಆಡುವ ಹುಡುಗ ಹುಡುಗಿಯರು ಆಟವನ್ನೇ ಬಿಡುವುದು ನೋಡಿದರೆ ಸಂಕಟವಾಗುತ್ತದೆ.

ಮೊದಲು, ಇದು ಅದೇ ನೋವಾ?

ಕಾಲು ತಿರುಚಿ ‘ಟಕ್’ ಅಂದು, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡಿದ್ದರೆ ಇದಲ್ಲ. ಮಂಡಿ ಸಿಕ್ಕಿಹಾಕಿಕೊಳ್ಳುವುದು, ನಡೆಯುವಾಗ ಕುಸಿಯುವುದು, ಜ್ವರದ ಜೊತೆ ಮಂಡಿ ಬಿಸಿಯಾಗಿ ಕೆಂಪಾಗುವುದು ಇದ್ದರೆ ವ್ಯಾಯಾಮದ ಮಾತೇ ಬೇಡ, ಮೂಳೆ ವೈದ್ಯರ ಹತ್ತಿರ ಹೋಗಿ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಮಂಡಿಯ ಕೆಳಗಿನ ಮೂಳೆ ಉಬ್ಬಿ ನೋಯುವುದೂ ಬೇರೆ ತೊಂದರೆ.

ಜಿಗಿತ ಕಡಿಮೆ ಮಾಡಿ, ಕಾಲಿಗೆ ಕೆಲಸ ಕೊಡಿ

ಸ್ಮ್ಯಾಶ್ ಅಭ್ಯಾಸ ಸದ್ಯಕ್ಕೆ ನಿಲ್ಲಿಸಿ. ಗೋಡೆಗೆ ಬೆನ್ನು ಒರಗಿಸಿ, ಪಾದಗಳನ್ನು ಮುಂದಿಟ್ಟು, ಅರ್ಧ ಬಸ್ಕಿಯವರೆಗೆ ಜಾರಿ ಹಾಗೇ ನಿಲ್ಲಿ. 45 ಸೆಕೆಂಡ್ ನಿಂತು, ಒಂದೆರಡು ನಿಮಿಷ ಬಿಡುವು. ಹೀಗೆ ಐದು ಸಲ. ತೊಡೆ ನಡುಗಬೇಕು, ಮಂಡಿ ಚುಚ್ಚಬಾರದು. ಚುಚ್ಚಿದರೆ ಸ್ವಲ್ಪ ಮೇಲೇಳಿ. ಕೆಲವರಿಗೆ ಇದರಿಂದಲೇ ನೋವು ಹಗುರಾಗುತ್ತದೆ.

ನಿಧಾನ, ಭಾರ

ನನ್ನ ಪ್ರಕಾರ ಇಡೀ ಚಿಕಿತ್ಸೆಯ ಜೀವಾಳ ಇದೇ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಟ್ಟು ಬಸ್ಕಿ. ಇಳಿಯಲು 3 ಸೆಕೆಂಡ್, ಏಳಲು 3 ಸೆಕೆಂಡ್. ಮೊದಲು ಕಡಿಮೆ ಭಾರದಲ್ಲಿ ಒಂದೊಂದು ಸುತ್ತಿಗೆ 15. ವಾರಗಳು ಕಳೆದಂತೆ ಭಾರ ಹೆಚ್ಚಿಸುತ್ತಾ 8ಕ್ಕೆ, 6ಕ್ಕೆ ಇಳಿಸಿ. ಜಿಮ್ ಇಲ್ಲದಿದ್ದರೆ ಶಾಲೆಯ ಬ್ಯಾಗಿನಲ್ಲಿ ಅಕ್ಕಿ ಚೀಲ ತುಂಬಿ ಬೆನ್ನಿಗೆ ಹಾಕಿಕೊಳ್ಳಿ, ಆಮೇಲೆ ಒಂಟಿ ಕಾಲಿಗೆ ಬನ್ನಿ. ಇಲ್ಲದಿದ್ದರೆ ನೋಯುವ ಕಾಲಿನ ಕೆಲಸವನ್ನೂ ಗಟ್ಟಿ ಕಾಲೇ ಮಾಡಿಬಿಡುತ್ತದೆ. ಸೊಂಟದ ಪಕ್ಕದ ಸ್ನಾಯುಗಳಿಗೂ ಮೀನಖಂಡಕ್ಕೂ ವ್ಯಾಯಾಮ ಬೇಕು.

ಸ್ವಲ್ಪ ನೋವು ಬಂದರೆ ಹೆದರಬೇಡಿ. ಹತ್ತಕ್ಕೆ ಮೂರರೊಳಗಿದ್ದರೆ ಪರವಾಗಿಲ್ಲ. ನಿಜವಾದ ತೀರ್ಪು ಮರುದಿನ ಬೆಳಿಗ್ಗೆ. ದಿನವೂ ಅದೇ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು ಮೆಲ್ಲಗೆ ಮಂಡಿ ಬಗ್ಗಿಸಿ, ನೋವು ಎಷ್ಟೆಂದು ಬರೆದಿಡಿ. ನಿನ್ನೆಗಿಂತ ಜಾಸ್ತಿಯಾಗಿದ್ದರೆ ನಿನ್ನೆಯ ಭಾರ ಹೆಚ್ಚಾಯಿತು ಎಂದರ್ಥ, ಕಮ್ಮಿ ಮಾಡಿ. ಹಾಗೇ ಇದ್ದರೆ ಮುಂದುವರಿಸಿ.

ಮಂಡಿ ಪಟ್ಟಿ, ಐಸ್, ಎಣ್ಣೆ ತಿಕ್ಕುವುದು ಹಾಯೆನಿಸಬಹುದು, ಅಷ್ಟೇ. ಪಂದ್ಯಕ್ಕೆ ಮುಂಚೆ ನೋವಿನ ಮಾತ್ರೆ ನುಂಗಿ ಇಳಿಯಬೇಡಿ, ಮಂಡಿ ಕೊಡುವ ಎಚ್ಚರಿಕೆಯೇ ನಿಮಗೆ ಕೇಳಿಸುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಬೇಗ ತಗ್ಗಿಸಿದರೂ ಟೆಂಡನ್ ಅನ್ನು ದುರ್ಬಲ ಮಾಡುವ ಅಪಾಯವಿದೆ.

ಮತ್ತೆ ಜಿಗಿತ

ಎರಡೂ ಕಾಲಿಗೆ ಹೆಚ್ಚುಕಮ್ಮಿ ಒಂದೇ ಬಲ ಬಂದು, ಬೆಳಗಿನ ಪರೀಕ್ಷೆ ವಾರಗಟ್ಟಲೆ ಶಾಂತವಾಗಿದ್ದರೆ ಜಿಗಿತ ಶುರು ಮಾಡಬಹುದು. ಮೊದಲು ಎರಡು ಕಾಲಲ್ಲಿ ಸಣ್ಣ ಜಿಗಿತ, ಮಣ್ಣಿನ ಅಂಕಣದಲ್ಲಿ. ಸಿಮೆಂಟ್ ನೆಲ ಈಗಲೇ ಬೇಡ. ಜಿಗಿತಗಳನ್ನು ಎಣಿಸಿ ಬರೆದಿಡಿ. ಒಮ್ಮೆ ಜೋರಾಗಿ ಜಿಗಿದ ಮೇಲೆ ಎರಡು ದಿನ ಬಿಡಿ, ಟೆಂಡನ್ ಸುಧಾರಿಸಿಕೊಳ್ಳಲು ಅಷ್ಟು ಸಮಯ ಬೇಕು.

ತಂಡಕ್ಕೆ ಮರಳುವಾಗ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಷ್ಟೇ ನಿಂತು ಚೆಂಡು ಕಾಯುವ ಆಟಗಾರ, ಆಗಿ ಆಡುವುದು ಒಳ್ಳೆ ಉಪಾಯ. ಲಿಬೆರೊ ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿನ ಚೆಂಡನ್ನು ಹೊಡೆಯುವಂತಿಲ್ಲ. ಹಾಗಾಗಿ ಆಟದ ಲಯ ಸಿಗುತ್ತದೆ, ಜಿಗಿತ ಮಿತಿಯಲ್ಲಿರುತ್ತದೆ. ಆಮೇಲೆ ಒಂದು ಸೆಟ್, ನಂತರ ಎರಡು. ಇಷ್ಟಕ್ಕೆ ಕನಿಷ್ಠ ಮೂರು ತಿಂಗಳು ಹಿಡಿಯುತ್ತದೆ, ಹಳೆಯ ನೋವಾದರೆ ಆರು ತಿಂಗಳೋ ಇನ್ನೂ ಜಾಸ್ತಿಯೋ ಆಗಬಹುದು. ಹತ್ತಿರ ಫಿಸಿಯೊಥೆರಪಿಸ್ಟ್ ಇದ್ದರೆ ಭಾರ ಏರಿಸುವ ಲೆಕ್ಕ ಅವರಿಗೇ ಬಿಡಿ.

ಪೂರ್ತಿ ಆಡಲು ಶುರು ಮಾಡಿದ ಮೇಲೂ ವಾರಕ್ಕೆರಡು ದಿನ ಭಾರದ ಬಸ್ಕಿ ಬಿಡಬೇಡಿ. ಪಂದ್ಯದ ಹಿಂದಿನ ದಿನ ಮಾತ್ರ ಬೇಡ.