ನೋವು ಅಂದ್ರೆ ಹೊಸದು, ನಾದ ಅಂದ್ರೆ ಏನೂ ಇಲ್ಲ: ಜೋರ್ಜಿ ಬೆನ್ ಮೊದಲ ಆಲ್ಬಂ ಕೇಳುವುದು ಹೇಗೆ

‘ಮಾಸ್ ಕೆ ನಾಡಾ’ ಅನ್ನೋ ಹಾಡನ್ನು ನೀವು ಎಲ್ಲೋ ಕೇಳಿಯೇ ಇರುತ್ತೀರಿ. ಹೋಟೆಲ್ ಲಾಬಿಯಲ್ಲೋ, ಫುಟ್‌ಬಾಲ್ ಜಾಹೀರಾತಲ್ಲೋ, ಯಾರದೋ ಮೊಬೈಲಲ್ಲೋ. ‘ಒಬಾ ಒಬಾ ಒಬಾ’ ಅಂತ ಬರುತ್ತಲ್ಲ, ಅದೇ. ನಾನಂತೂ ಎಷ್ಟೋ ವರ್ಷ ಅದು ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡದವರದೇ ಹಾಡು ಅಂದುಕೊಂಡಿದ್ದೆ. ಒಂದು ಸಲ ಊಟಕ್ಕೆ ಕೂತಾಗ ಅದನ್ನೇ ಜೋರಾಗಿ ವಾದಿಸಿ, ಆಮೇಲೆ ಫೋನಲ್ಲಿ ಹುಡುಕಿ ನೋಡಿ ಸುಮ್ನೆ ಸಾರು ಕಲಸಿಕೊಂಡೆ. ಅವರದು 2006ರದ್ದು. ಅದಕ್ಕೂ ಮೊದಲು 1966ರಲ್ಲಿ ಸೆರ್ಜಿಯೊ ಮೆಂಡೆಸ್ ತಂಡ ಅದನ್ನು ಅಮೆರಿಕಕ್ಕೆಲ್ಲ ಕೇಳಿಸಿತ್ತು. ಮೂಲ ಹಾಡು ಇರೋದು 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ‘ಸಾಂಬಾ ಎಸ್ಕೇಮಾ ನೋವೊ’ ಆಲ್ಬಂನಲ್ಲಿ. ಬರೆದು ಹಾಡಿದವರು ರಿಯೊ ಡಿ ಜನೈರೊದ ಜೋರ್ಜಿ ಬೆನ್. ಅದು ಅವರ ಮೊದಲ ಆಲ್ಬಂ.

ಮೊದಲು ಹುಡುಕುವ ವಿಷಯ. 1989ರಲ್ಲಿ ಅವರು ಹೆಸರನ್ನು ಜೋರ್ಜಿ ಬೆನ್ ಜೋರ್ ಅಂತ ಬದಲಿಸಿಕೊಂಡರು. ಹಾಗಾಗಿ ಒಂದು ಹೆಸರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಿ. ಕವರ್ ವರ್ಷನ್‌ಗಳು ರಾಶಿ ರಾಶಿ ಬರುತ್ತವೆ, 1963 ಅಂತ ಇರೋದನ್ನೇ ಒತ್ತಿ. ಇನ್ನು ಉಚ್ಚಾರ. ರಿಯೊದವರ ಬಾಯಲ್ಲಿ ‘ನೋವೊ’ ಅನ್ನೋದು ಹೆಚ್ಚುಕಡಿಮೆ ‘ನೋವು’ ಅಂತಲೇ ಕೇಳಿಸುತ್ತದೆ. ಅರ್ಥ ಹೊಸದು. ‘ಮಾಸ್ ಕೆ ನಾಡಾ’ ಅವರ ಬಾಯಲ್ಲಿ ‘ಮಾಶ್ ಕಿ ನಾದಾ’. ಅದರಲ್ಲಿ ನಾದಾ ಅಂದ್ರೆ ಏನೂ ಇಲ್ಲ. ಪೂರ್ತಿ ಸೇರಿಸಿದರೆ ‘ಏ, ಹೋಗಯ್ಯ’ ಅನ್ನುವಂಥ ಮಾತು. ನಮ್ಮ ಕಿವಿಗೆ ಇದೆಲ್ಲ ತಮಾಷೆಯಾಗಿದೆ, ಅಲ್ವಾ? ಆದರೆ ಇದಕ್ಕಿಂತ ಜಾಸ್ತಿ ಪೋರ್ಚುಗೀಸ್ ಈಗ ಬೇಡ. ಸಾಹಿತ್ಯದ ಅನುವಾದ ಪಕ್ಕದಲ್ಲಿಟ್ಟುಕೊಂಡು ಕೂರಬೇಡಿ. ಈ ಆಲ್ಬಂನಲ್ಲಿ ಹಿಡಿಯಬೇಕಾದ್ದು ಮಾತನ್ನಲ್ಲ, ಗಿಟಾರ್ ಬಾರಿಸುವ ಬಲಗೈಯನ್ನು.

ಅದಕ್ಕೇ ಇಯರ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಲ್ಲಿ ಕೇಳಿದರೆ ಹಿತ್ತಾಳೆ ವಾದ್ಯಗಳು ಮುಂದೆ ಬಂದು ಗಿಟಾರ್ ಎಲ್ಲೋ ಮುಳುಗಿಹೋಗುತ್ತದೆ. ಸಾಂಬಾ ಅನ್ನೋ ಬ್ರೆಜಿಲ್‌ನ ಕುಣಿತದ ಸಂಗೀತ ಎರಡು ಏಟಿನ ಲೆಕ್ಕ. ಭಾರ ಬೀಳುವುದು ಎರಡನೇ ಏಟಿನ ಮೇಲೆ. ಕಾಲಲ್ಲಿ ‘ಒಂದು, ಎರಡು’ ತಟ್ಟಿ, ಎರಡನ್ನು ಸ್ವಲ್ಪ ಒತ್ತಿ ತಟ್ಟಿ. ಈಗ ಒಂದೊಂದು ಏಟಿಗೂ ‘ತಕಧಿಮಿ’ ಅಂತ ಮೆಲ್ಲಗೆ ಹೇಳಿಕೊಳ್ಳಿ. ಒಂದು ಸುತ್ತಿಗೆ ಎರಡು ತಕಧಿಮಿ. ಮೃದಂಗದ ಪಾಠಕ್ಕೆ ಹೋದವರಿಗೆ ಇದು ಬಹಳ ಸಲೀಸು. ಹೋಗದವರಿಗೂ ಎರಡು ಹಾಡಲ್ಲಿ ಬಂದುಬಿಡುತ್ತದೆ. ಇಷ್ಟಾದ ಮೇಲೆ ಗಿಟಾರ್ ಕೇಳಿ. ಏಟು ‘ತ’ ಮೇಲೆ ಬೀಳುತ್ತೆ ಅಂತ ನೀವು ಕಾಯುತ್ತಿರುತ್ತೀರಿ, ಅದು ‘ಕ’ ಮೇಲೋ ‘ಮಿ’ ಮೇಲೋ ಬಿದ್ದು ಮುಂದಕ್ಕೆ ನೂಕುತ್ತದೆ. ಮೊದಲ ಸಲ ನನ್ನ ಕಾಲೇ ತಪ್ಪಿತು. ತಪ್ಪಲಿ ಬಿಡಿ.

ಈ ಕೈ ಎಲ್ಲಿಂದ ಬಂತು ಅನ್ನೋದು ಕೇಳುವಂಥ ಕಥೆ. ಆಗ ರಿಯೊದಲ್ಲಿ ಬೊಸಾ ನೋವಾ ಕಾಲ, ಅಂದ್ರೆ ಸಾಂಬಾವನ್ನೇ ಮೆಲ್ಲಗೆ, ನಯವಾಗಿ ಹಾಡುವ ಶೈಲಿ. 1959ರಲ್ಲಿ ಆ ಶೈಲಿಯ ಗಾಯಕ, ಗಿಟಾರ್ ವಾದಕ ಜೊವಾವ್ ಜಿಲ್ಬೆರ್ಟೊ ಅವರ ಮೊದಲ ಎಲ್‌ಪಿ ಬಂದಾಗಿನಿಂದ ಎಲ್ಲರೂ ಪಿಸುಮಾತಿನಂಥ ದನಿ, ನಯವಾದ ಗಿಟಾರ್ ಕಾರ್ಡ್‌ಗಳ ಹಿಂದೆ ಬಿದ್ದಿದ್ದರು. ಜೋರ್ಜಿಗೂ ಜಿಲ್ಬೆರ್ಟೊ ಅಂದ್ರೆ ಪ್ರಾಣ. ಆದರೆ ಅವರು ಗಿಟಾರ್‌ಗೆ ಮೊದಲು ಹಿಡಿದದ್ದು ಪಂದೇರೊ, ಅಂದ್ರೆ ನಮ್ಮ ಕಂಜಿರದ ಅಣ್ಣನಂಥ ವಾದ್ಯ. ತಿಜೂಕಾ ಬಡಾವಣೆಯ ಗೆಳೆಯರ ಗುಂಪಲ್ಲಿ ಮುಂದೆ ಹೆಸರು ಮಾಡಿದ ಟಿಮ್ ಮಾಯಾ, ಎರಾಜ್ಮೊ ಕಾರ್ಲೋಸ್ ಇದ್ದರು. ಅವರಿಗೆಲ್ಲ ರಾಕ್ ಅಂಡ್ ರೋಲ್ ಹುಚ್ಚು. ಅಮೆರಿಕದ ಒಂದು ರಾಕ್ ಹಾಡನ್ನು ಸದಾ ಹಾಡುತ್ತಿದ್ದರು ಅಂತ ಜೋರ್ಜಿಗೆ ‘ಬಾಬುಲೀನಾ’ ಅನ್ನೋ ಅಡ್ಡಹೆಸರೇ ಬಿತ್ತು. ಇದರ ನಡುವೆ ಫ್ಲಮೆಂಗೊ ಕ್ಲಬ್ಬಿನ ಕಿರಿಯರ ತಂಡದಲ್ಲಿ ಫುಟ್‌ಬಾಲ್ ಬೇರೆ. ಗಿಟಾರನ್ನು ತಾವೇ ಕಲಿತದ್ದು. ಪಂದೇರೊದ ಕೈ, ರಾಕ್‌ನ ಬೀಸು, ಜಿಲ್ಬೆರ್ಟೊ ಮೇಲಿನ ಆಸೆ, ಮೂರೂ ಒಂದೇ ಕೈಯಲ್ಲಿ ಸೇರಿದರೆ ಯಾವ ಪೆಟ್ಟಿಗೆಗೂ ಹೊಂದದ ಒಂದು ಹೊಡೆತ ಹುಟ್ಟುತ್ತದೆ. ಆಲ್ಬಂ ಹೆಸರೇ ‘ಸಾಂಬಾ, ಹೊಸ ಲೆಕ್ಕ’ ಅಂತ. ಸುಮ್ನೆ ಇಟ್ಟದ್ದಲ್ಲ.

ಕೋಪಕಬಾನಾದಲ್ಲಿ ‘ಬೇಕೊ ದಾಸ್ ಗರಾಫಾಸ್’ ಅನ್ನೋ ಗಲ್ಲಿ ಇದೆ, ಬಾಟಲಿ ಗಲ್ಲಿ ಅಂತ ಅರ್ಥ. ಅಲ್ಲಿನ ಪುಟ್ಟ ಪುಟ್ಟ ಕ್ಲಬ್ಬುಗಳ ಗಲಾಟೆ ತಡೆಯಲಾರದೆ ಮೇಲಿನ ಮನೆಗಳವರು ಬಾಟಲಿ ಎಸೆಯುತ್ತಿದ್ದರಂತೆ, ಅದಕ್ಕೇ ಆ ಹೆಸರು. ಜೋರ್ಜಿ ಅಲ್ಲೂ ಹಾಡುತ್ತಿದ್ದರು. ಆಲ್ಬಂನಲ್ಲಿ ಅವರ ಜೊತೆಗಿದ್ದ ಸ್ಯಾಕ್ಸೊಫೋನ್‌ನ ಮೆಯ್‌ರೆಲಿಸ್ ಮತ್ತವರ ‘ಕೋಪಾ 5’ ತಂಡವೂ ಅದೇ ಗಲ್ಲಿಯ ಜಾಝ್ ಹುಡುಗರು. ಈ ಗಟ್ಟಿಗರು ಒಬ್ಬ ಹೊಸಬನ ಕೈಯನ್ನು ಹಿಂಬಾಲಿಸುತ್ತಿದ್ದಾರೆ ಅನ್ನೋದನ್ನು ಗಮನಿಸಿ ಕೇಳಿದರೆ ಮಜವೇ ಬೇರೆ.

ಒಟ್ಟು 12 ಹಾಡು, ಸುಮಾರು ಅರ್ಧ ಗಂಟೆ. ಒಂದನ್ನು ಬಿಟ್ಟು ಎಲ್ಲವೂ ಅವರೇ ಬರೆದದ್ದು. ಮೊದಲ ಸಲ ಸಾಲಾಗಿ ಕೇಳಿಬಿಡಿ, ನಿಲ್ಲಿಸಬೇಡಿ. ಎರಡನೇ ಸಲ ಮೂರೇ ಹಾಡು ಸಾಕು.

‘ಮಾಶ್ ಕಿ ನಾದಾ’ದಲ್ಲಿ ದಾರಿ ಬಿಡಿ, ನಾನು ಹೋಗಬೇಕು ಅಂತ ಶುರುಮಾಡಿ, ಈ ಸಾಂಬಾದಲ್ಲಿ ಮರಕಾತು ಬೆರೆತಿದೆ ಅಂತ ಹಾಡೇ ತನ್ನ ಗುಟ್ಟು ಹೇಳಿಬಿಡುತ್ತದೆ. ಮರಕಾತು ಅಂದ್ರೆ ಈಶಾನ್ಯ ಬ್ರೆಜಿಲ್‌ನ ಕರಿಯರ ಮೆರವಣಿಗೆ ಸಂಗೀತ. ‘ಪೊರ್ ಕಾವ್ಜಾ ಜಿ ವೊಸೆ, ಮೆನೀನಾ’ದಲ್ಲಿ ‘ವೊಸೆ’ ಅನ್ನೋ ಮಾತನ್ನು ಅವರು ‘ವೊಶೆ’ ಅನ್ನುತ್ತಾರೆ. ಅದು ತಪ್ಪೋ ಸೊಗಸೋ ನೀವೇ ಹೇಳಿ. ನನಗಂತೂ ಅದಿಲ್ಲದಿದ್ದರೆ ಹಾಡಿಗೆ ಉಪ್ಪಿಲ್ಲ.

ಮೂರನೆಯದು ‘ಶೋವಿ ಶೂವಾ’. ಸುರಿ ಮಳೆಯೇ, ನಿಲ್ಲದೆ ಸುರಿ ಅಂತ ಮೊದಲು. ಮರುಕ್ಷಣವೇ, ನನ್ನ ಹುಡುಗಿ ನೆನೆಯುತ್ತಿದ್ದಾಳೆ, ನಿಲ್ಲಿಸಪ್ಪಾ ಅಂತ ದೇವರಿಗೆ ಮೊರೆ. ಆಮೇಲೆ ಇದ್ದಕ್ಕಿದ್ದಂತೆ ‘ಸಕುಂದಿಂ ಸಕುಂದೇಂ’ ಅಂತ ಅರ್ಥವಿಲ್ಲದ ಸದ್ದು. ಈಗ ನಿಮ್ಮ ತಕಧಿಮಿ ಶುರುಮಾಡಿ, ಆ ಸದ್ದು ಗಿಟಾರಿನ ಹೊಡೆತವನ್ನೇ ಬಾಯಲ್ಲಿ ಹೇಳಿದಂತಿದೆ. ಕೊನ್ನಕ್ಕೋಲ್ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1964ರಲ್ಲಿ ಬಂದ ಅವರ ಇನ್ನೊಂದು ಆಲ್ಬಂ ಹೆಸರಲ್ಲೇ ಈ ‘ಸಕುಂದಿಂ’ ಇದೆ.

ಮುಂದೇನು ಕೇಳಬೇಕು? ಸೆರ್ಜಿಯೊ ಮೆಂಡೆಸ್‌ರ 1966ರ ವರ್ಷನ್ ಹಾಕಿ. ಚೆನ್ನಾಗಿದೆ, ಇಸ್ತ್ರಿ ಹಾಕಿದಂತಿದೆ. ಬಲಗೈಯ ಒರಟು ಹೋಗಿ ಪಿಯಾನೊ ಬಂದಿದೆ. ಆಮೇಲೆ ಬ್ರೆಜಿಲ್‌ನದೇ ರೆಸಿಫೆ ಊರಿನ ‘ಮುಂದೊ ಲಿವ್ರಿ’ ತಂಡದ 1994ರ ಆಲ್ಬಂ. ಅದರ ಹೆಸರು ‘ಸಾಂಬಾ ಎಸ್ಕೇಮಾ ನಾಯ್ಸ್’. 31 ವರ್ಷ ಆದ ಮೇಲೂ ಹುಡುಗರು ಇದೇ ಹೆಸರನ್ನು ತಿರುಚಿ ಇಟ್ಟುಕೊಂಡರು ನೋಡಿ. ಸಾವೊ ಪಾಲೊದ ರ‍್ಯಾಪ್ ತಂಡ ರಸಿಯೊನಾಯ್ಸ್ ಕೂಡ 1997ರ ಆಲ್ಬಂ ಶುರುಮಾಡಿದ್ದು ಜೋರ್ಜಿಯ ಹಾಡಿನಿಂದಲೇ.

ಕೊನೆಗೆ ನಮ್ಮ ಕಡೆಯ ಒಂದು ಹಾಡು. 1972ರಲ್ಲಿ ಜೋರ್ಜಿ ಷಹಜಹಾನನ ಪ್ರೇಮಕಥೆ ಇಟ್ಟುಕೊಂಡು ‘ತಾಜ್ ಮಹಲ್’ ಅಂತಲೇ ಒಂದು ಹಾಡು ಮಾಡಿದರು. 1978ರಲ್ಲಿ ಬ್ರಿಟನ್ನಿನ ಗಾಯಕ ರಾಡ್ ಸ್ಟುವರ್ಟ್ ಅವರ ಡಿಸ್ಕೊ ಹಿಟ್ ಒಂದರ ಪಲ್ಲವಿ ಥೇಟ್ ಅದರಂತೆಯೇ ಇತ್ತು. ಕೇಸಾಯಿತು, ರಾಜಿಯೂ ಆಯಿತು. ತನಗೆ ಗೊತ್ತಿಲ್ಲದೇ ಎತ್ತಿಕೊಂಡುಬಿಟ್ಟೆ ಅಂತ ಸ್ಟುವರ್ಟ್ ಆಮೇಲೆ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. 1976ರಲ್ಲಿ ಜೋರ್ಜಿ ಅದೇ ಹಾಡನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಮತ್ತೆ ಮಾಡಿದ್ದಾರೆ. ನನ್ನ ಓಟು ಅದಕ್ಕೇ, ಆದರೆ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ.