ಗ್ರೀನ್ ನೋಡಿ ಮದ್ದು ಬಿಟ್ಟವನ ಮಳೆ ಲೆಕ್ಕ

2021ರ ಜುಲೈ, ಪುನರ್ವಸು ಮಳೆ ಮುಗೀಲಿಕ್ಕೆ ಆಗಿತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಸಿಂಪಡಿಸುವ ಬೋರ್ಡೋ ದ್ರಾವಣ, ನಮ್ಮ ಬಾಯಲ್ಲಿ ಮದ್ದು, ಎರಡನೇ ಸಲ ಬಿಡ್ಲಿಕ್ಕೆ ಬಾಕಿ. ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ತೋಟ, ಎರಡೂವರೆ ಎಕ್ರೆ, ಮೊದಲ ಮದ್ದು ಬಿಟ್ಟು ನಲವತ್ತೆಂಟು ದಿನ ಆಗಿದೆ, ಅಂದ್ರೆ ಬೋರ್ಡೋದ ಶಕ್ತಿ ಮುಗಿದ ಹಾಗೇ. ಹಿಂದಿನ ರಾತ್ರಿ ಮೊಬೈಲಲ್ಲಿ ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣ ನೋಡಿದ್ರೆ ನಮ್ಮ ಕಾಸರಗೋಡು ಜಿಲ್ಲೆ ಗ್ರೀನ್. ಯೆಲ್ಲೋ ಇಲ್ಲ, ಆರೆಂಜ್ ಇಲ್ಲ. ನಾನು ಖುಷಿಯಲ್ಲಿ ಮದ್ದು ಬಿಡುವವರಿಗೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ ಅಂದೆ.

ಬೆಳಿಗ್ಗೆ ಬಿಸಿಲೇ ಇತ್ತು. ಅವರಲ್ಲಿ ಹಿರಿಯವರು ಆಕಾಶ ನೋಡಿ "ಇನಿ ಬರ್ಸ ಬರ್ಪುಜಿ ಅಣ್ಣೇರೆ", ಇವತ್ತು ಮಳೆ ಬರುವುದಿಲ್ಲ ಅಣ್ಣ, ಅಂತ ಬೇರೆ ಹೇಳಿದ್ರು. ನಾಲ್ಕು ಡ್ರಮ್ ಮದ್ದು ಕಲಸಿದ್ವು, ಡ್ರಮ್ಮಿಗೆ 200 ಲೀಟರ್, ಒಟ್ಟು 8 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಅಷ್ಟೇ ಸುಣ್ಣ, ಕತ್ತಿ ಅದ್ದಿ ನೋಡಿ ಕೆಂಪು ಹತ್ತುವುದಿಲ್ಲ ಅಂತ ಆದ ಮೇಲೆ ಮರ ಹತ್ತಿದ್ದು. ಊಟಕ್ಕೆ ಕೂರುವ ಹೊತ್ತಿಗೆ ಪಡು ಭಾಗದಿಂದ ಬಂತು ನೋಡಿ, ಒಂದು ಮುಕ್ಕಾಲು ಗಂಟೆ ಜಪ್ಪಿತು. ಬೆಳಿಗ್ಗೆ ಬೇಗ ಬಿಟ್ಟ ಮರಗಳಲ್ಲಿ ಸ್ವಲ್ಪ ಒಣಗಿ ನಿಂತಿತ್ತೋ ಏನೋ, ಹನ್ನೊಂದು ಗಂಟೆ ಮೇಲೆ ಬಿಟ್ಟದ್ದೆಲ್ಲ ನೀಲಿ ನೀರಾಗಿ ಬುಡಕ್ಕೆ ಇಳಿದು ಹೋದದ್ದನ್ನು ಚಾವಡಿಯಲ್ಲಿ ಕೂತು ನಾನೇ ನೋಡಿದ್ದು. ತುತ್ತಿನ ದುಡ್ಡೂ ಹೋಯ್ತು, ಸಂಬಳವೂ ಹೋಯ್ತು, ಆ ಜನ ಇನ್ನೊಮ್ಮೆ ಸಿಕ್ಕಿದ್ದು ಒಂಬತ್ತು ದಿನ ಕಳೆದು, ಆವಾಗ ಮಹಾಳಿ, ಅದೇ ಕೊಳೆರೋಗ, ಶುರುವಾಗಿಯೇ ಆಗಿತ್ತು, ದಿನಾ ಬೆಳಿಗ್ಗೆ ಮರದ ಬುಡದಲ್ಲಿ ಹಸಿ ಅಡಿಕೆ.

ಎರಡು ದಿನ ಹವಾಮಾನದವರಿಗೆ ಸಿಕ್ಕಾಪಟ್ಟೆ ಬೈದೆ. ಆಮೇಲೆ ಪಕ್ಕದ ತೋಟದ ಭಾವನಲ್ಲಿ ಹೇಳಿದಾಗ, ಅವ್ರು ಸುಮಾರು ವರ್ಷದಿಂದ ಮಳೆ ಅಳೆದು ಬರೆದಿಡುವವರು, ಪುಸ್ತಕ ತೆಗೆದು "ಆ ದಿನ ನಮ್ಮಲ್ಲಿ 22 ಮಿಲ್ಲಿಮೀಟರ್. ಗ್ರೀನ್ ಅಂತ ಅವ್ರು ಹೇಳಿದ್ದು ಸರಿಯೇ ಉಂಟಲ್ಲ ಮಾರಾಯಾ" ಅಂದ್ರು. ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ವಿವರಿಸಿದ್ರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 15.6ರಿಂದ 64.4 ಮಿ.ಮೀ. ಬಂದ್ರೆ ಅದು ಸಾಧಾರಣ ಮಳೆ. 64.5ರಿಂದ ಮೇಲೆ 115.5ರ ವರೆಗೆ ಭಾರೀ, ಅದಕ್ಕೆ ಯೆಲ್ಲೋ. 115.6ರಿಂದ 204.4 ಅತಿ ಭಾರೀ, ಅದು ಆರೆಂಜ್. ಅದರ ಮೇಲೆ ರೆಡ್. ಅಂದ್ರೆ 60 ಮಿ.ಮೀ. ಮಳೆ ಸುರಿದ್ರೂ ಜಿಲ್ಲೆ ಗ್ರೀನೇ! ಬಣ್ಣ ಇರುವುದು ನೆರೆ ಬರ್ತದಾ, ಗುಡ್ಡ ಜರಿತದಾ ಅಂತ ನೋಡುವವರಿಗೆ. ನನಗೆ ಬೇಕಾದ್ದು ಮದ್ದು ಒಣಗ್ಲಿಕ್ಕೆ ನಾಲ್ಕೈದು ಗಂಟೆ, ಅದನ್ನು ಕೆಡಿಸ್ಲಿಕ್ಕೆ 5 ಮಿ.ಮೀ. ಧಾರಾಳ ಸಾಕು. ನಾನು ಇಷ್ಟು ವರ್ಷ ನೋಡಬಾರದ ಕಡೆ ನೋಡ್ತಾ ಇದ್ದೆ.

ಇನ್ನೊಂದು ನಮ್ಮ ಊರಿನದ್ದೇ ತಾಪತ್ರಯ, ಮುನ್ಸೂಚನೆ ಬರುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಟಿವಿಯಲ್ಲಿ ದಿನಾ "ಒಟ್ಟಪ್ಪೆಟ್ಟ ಶಕ್ತಮಾಯ ಮಳ" ಅಂತ ಹೇಳ್ತಾರಲ್ಲ, ನಮ್ಮ ಅಪ್ಪ ಅದನ್ನು ಕೇಳಿ "ಒಟ್ಟಾರೆ ಎಲ್ಲಾ ಕಡೆ ಜೋರು ಮಳೆ ಉಂಟಂತೆ" ಅಂತ ಮನೆಯವರಿಗೆಲ್ಲ ಹೇಳಿ ಅಂಗಳದ ಅಡಿಕೆಗೆ ಟಾರ್ಪಾಲ್ ಎಳೆಸುತ್ತಿದ್ರು. ಅದು ನಮ್ಮ ಒಟ್ಟು ಅಲ್ಲ, ನಮ್ಮ ಒಂಟಿ. ಒಂಟೊಂಟಿಯಾಗಿ, ಅಲ್ಲೊಂದು ಇಲ್ಲೊಂದು ಕಡೆ ಅಂತ ಅರ್ಥ! ಪೂರ್ತಿ ಉಲ್ಟಾ. ಇದಕ್ಕೂ ಇಲಾಖೆಯಲ್ಲಿ ಲೆಕ್ಕ ಉಂಟು. ಒಂದೆರಡು ಕಡೆ ಅಂದ್ರೆ ಜಿಲ್ಲೆಯ ಮಳೆ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ, ಅಲ್ಲಲ್ಲಿ ಅಂದ್ರೆ ಅರ್ಧದವರೆಗೆ, ಹಲವು ಕಡೆ ಅಂದ್ರೆ ಮುಕ್ಕಾಲು, ಅದರ ಮೇಲೆ ಹೋದ್ರೆ ಹೆಚ್ಚಿನ ಎಲ್ಲಾ ಕಡೆ. ಈ ಶಬ್ದ ಬಿಟ್ಟು ಬರೀ ಬಣ್ಣ ಓದಿದ್ರೆ ಅರ್ಧ ಓದಿದ ಹಾಗೆ. ನಾನೀಗ ಬಣ್ಣ ಕೊನೆಗೆ ನೋಡುದು.

ಭಾವ ಹೇಳಿದ್ರು ಅಂತ ನಾನೂ ಅಳೀಲಿಕ್ಕೆ ಶುರು ಮಾಡಿದೆ. ದುಡ್ಡು ಉಳಿಸುವ ಅಂತ ಮೊದಲು ಬಚ್ಚಲಿನ ಬಕೆಟ್ ಇಟ್ಟು ಸ್ಕೇಲ್ ಅದ್ದಿದ್ದು. ಒಂದು ತಿಂಗಳು ನಮ್ಮಲ್ಲಿ ಮಾತ್ರ ಭಯಂಕರ ಮಳೆ, ಭಾವನಲ್ಲಿ 20 ಆದ್ರೆ ನಮ್ಮಲ್ಲಿ 35ರ ಮೇಲೆ, ನಡುವೆ ಇರುವುದು ಒಂದು ತೋಡು ಅಷ್ಟೇ. ಮಗಳು ಶಾಲೆಯ ಲೆಕ್ಕ ಮಾಡಿ ತೋರಿಸಿದ್ಲು, ಬಕೆಟಿನ ಬಾಯಿ 30 ಸೆಂಟಿಮೀಟರ್, ತಳ 22, ಅಗಲ ಬಾಯಲ್ಲಿ ಹಿಡಿದ ನೀರು ಸಪೂರ ತಳದಲ್ಲಿ ನಿಂತ್ರೆ ಎತ್ತರ ಜಾಸ್ತಿ ತೋರಿಸದೆ ಇರ್ತದಾ ಅಂತ. ಆ ತಿಂಗಳ ಪುಟ ಹರಿದು ಹಾಕಿದೆ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬ ಆದ್ರೆ ತೊಂದ್ರೆ ಇಲ್ಲ, ನಾನು ಮಾತ್ರ ಆನ್‌ಲೈನಲ್ಲಿ ಒಂದು ಪ್ಲಾಸ್ಟಿಕ್ ಮಳೆಮಾಪಕ ತರಿಸಿದೆ.

ಅದನ್ನು ಇಡುವುದು ಎಲ್ಲಿ ಅಂತ ದೊಡ್ಡ ಸಮಸ್ಯೆ. ಪಕ್ಕದ ಮರ ಎಷ್ಟು ಎತ್ತರ ಉಂಟೋ ಅದರ ಎರಡು ಪಾಲು ದೂರ ಇಡಬೇಕಂತೆ, ಅಡಿಕೆ ತೋಟದವನಿಗೆ ಅಂಥ ಜಾಗ ಎಲ್ಲಿಂದ ಮಾರಾಯ್ರೆ! ಟೆರೇಸಿನಲ್ಲಿ ಇಟ್ಟೆ, ಗಾಳಿಗೆ ಮಳೆ ಓರೆಯಾಗಿ ಹೋಗಿ ಕಡಿಮೆ ಬೀಳ್ತದೆ. ಕೊನೆಗೆ ಅಡಿಕೆ ಒಣಗಿಸುವ ಅಂಗಳದ ಮಧ್ಯ ಒಂದು ಕಂಬ ನೆಟ್ಟಾಯ್ತು, ಮನೆಯಾಕೆಗೆ ಅದು ಈಗಲೂ ಕಾಲಿಗೆ ಸಿಗ್ತದೆ ಅಂತ ಸಿಟ್ಟು. ಓದುವುದು ಬೆಳಿಗ್ಗೆ ಎಂಟೂವರೆಗೆ, ಇಲಾಖೆಯವರದ್ದೂ ಅದೇ ಹೊತ್ತು. ನೆನಪಿಡಿ, ಇವತ್ತು ಬೆಳಿಗ್ಗೆ ಓದಿದ್ದು ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಯ ವರೆಗಿನ ಮಳೆ. ಇದು ಗೊತ್ತಿಲ್ಲದೆ ನಾನು ಒಂದು ದಿನ ಹಿಂದೆಮುಂದೆ ಬರೆದು, ಮುನ್ಸೂಚನೆ ಎಲ್ಲ ಸುಳ್ಳು ಅಂತ ಸುಮಾರು ಸಮಯ ವಾದ ಮಾಡಿದ್ದುಂಟು.

ಈಗ ಹನ್ನೊಂದು ಮನೆಯವರು ವಾಟ್ಸಾಪಿನಲ್ಲಿ ಬೆಳಿಗ್ಗೆ ಸಂಖ್ಯೆ ಹಾಕ್ತೇವೆ. ಬದಿಯಡ್ಕ, ಪೆರ್ಲ, ನೀರ್ಚಾಲು, ಆಚೆ ವಿಟ್ಲ ಕಡೆಯವರೂ ಇದ್ದಾರೆ. ಒಂದು ದಿನ ನಮ್ಮಲ್ಲಿ 14, ಆರು ಕಿಲೋಮೀಟರ್ ಆಚೆ 71. ಅವ್ರಿಗೆ ಯೆಲ್ಲೋ, ನಮಗೆ ಪಿರಿಪಿರಿ. ಜಿಲ್ಲೆಗೆ ಅಂತ ಹೇಳುವ ಒಂದು ವಾಕ್ಯ ಮಂಜೇಶ್ವರದ ಕಡಲಿಗೂ ಪಾಣತ್ತೂರಿನ ಗುಡ್ಡಕ್ಕೂ ಒಂದೇ ಆಗಿರ್ಬೇಕು ಅಂದ್ರೆ ಅವ್ರಾದ್ರೂ ಎಂತ ಮಾಡುದು. ಪುಸ್ತಕ ಎರಡು ಮಳೆಗಾಲ ದಾಟಿದ ಮೇಲೆ ನನಗೆ ಗೊತ್ತಾದ್ದು, ನಮ್ಮ ಜಾಗದ ಮಳೆ ಕಾಸರಗೋಡು ಪೇಟೆಗಿಂತ ಪುತ್ತೂರು ವಿಟ್ಲದ ಮಳೆಗೆ ಹೆಚ್ಚು ಹೊಂದ್ತದೆ ಅಂತ. ಹಾಗಾಗಿ ನಾನು ತಿರುವನಂತಪುರದಿಂದ ಬರುವ ಕಾಸರಗೋಡಿನದ್ದೂ ನೋಡ್ತೇನೆ, ಬೆಂಗಳೂರಿನಿಂದ ಬರುವ ದಕ್ಷಿಣ ಕನ್ನಡದ್ದೂ ನೋಡ್ತೇನೆ. ಮೋಡಕ್ಕೆ ಚೆಕ್‌ಪೋಸ್ಟ್ ಇಲ್ಲ ಅಲ್ವಾ.

ಮದ್ದಿಗೆ ಜನ ಕರೆಯುವ ಮೊದಲು ಈಗ ನಾನು ಮಾಡುವುದು ಹೀಗೆ. ನಾಲ್ಕೈದು ದಿನ ಮೊದಲೇ ಇಲಾಖೆಯ ವಿವರದ ಬುಲೆಟಿನ್ ತೆಗೆದು ಅದರಲ್ಲಿ ಕಡಲ ತೀರದ ಟ್ರಫ್ ಬಗ್ಗೆ ಎಂತ ಬರೆದಿದ್ದಾರೆ ಅಂತ ಹುಡುಕುದು. ಮಳೆಗಾಲದಲ್ಲಿ ಕರಾವಳಿಗೆ ಉದ್ದಕ್ಕೆ ಒಂದು ಕಡಿಮೆ ಒತ್ತಡದ ಪಟ್ಟಿ ಇರ್ತದೆ, ಅದು ಗುಜರಾತಿನಿಂದ ಕೇರಳದ ತೀರದವರೆಗೆ ಉಂಟು ಅಂತ ಬರೆದಿದ್ರೆ ಫೋನ್ ಕೆಳಗಿಡುದು, ಮದ್ದಿನ ಮಾತೇ ಇಲ್ಲ. ಅದು ಬಲ ಕಳಕೊಂಡಿದೆ ಅಥವಾ ಕರ್ನಾಟಕ ತೀರದಲ್ಲೇ ನಿಂತಿದೆ ಅಂತ ಆದ್ರೆ ನಮಗೆ ಆಸೆ. ಆಮೇಲೆ ವಿಂಡಿ ಆಪಿನಲ್ಲಿ 850 ಎಚ್‌ಪಿಎ ಅಂತ ಒಂದು ಲೆವೆಲ್ ಉಂಟು, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿ. ಅಲ್ಲಿ ಪಡುಗಾಳಿ 30 ನಾಟ್ (ಗಂಟೆಗೆ ಸುಮಾರು 55 ಕಿಲೋಮೀಟರ್) ಮೇಲೆ ಓಡ್ತಾ ಇದ್ರೆ ಕೆಳಗೆ ಎಷ್ಟೇ ಬಿಸಿಲು ಕಾಣ್ಲಿ ನಂಬುದಿಲ್ಲ, 15ಕ್ಕೆ ಇಳಿದ್ರೆ ಬಿಡುವು ಸಿಗ್ತದೆ. ಇದು ಯಾವ ಪುಸ್ತಕದ್ದೂ ಅಲ್ಲ, ನನ್ನ ಪುಸ್ತಕದ್ದು, ನಿಮ್ಮ ಊರಿಗೆ ಬೇರೆ ಇರ್ಬಹುದು. ಅದೇ ಆಪಿನಲ್ಲಿ ಕಂಪ್ಯೂಟರ್ ಲೆಕ್ಕದ ಮುನ್ಸೂಚನೆ, ಅಂದ್ರೆ ಮಾಡೆಲ್, ಯುರೋಪಿನದ್ದು ಒಂದು, ಅಮೆರಿಕದ್ದು ಒಂದು, ಎರಡೂ ಒಂದೇ ದಿನ ಒಣ ಅಂತ ತೋರಿಸಿದ್ರೆ ಮಾತ್ರ ಜನರಿಗೆ ಮಾತು ಕೊಡುದು. ಹತ್ತು ದಿನ ಆಚೆಯದ್ದು ನೋಡಿ ದಿನ ನಿಗದಿ ಮಾಡುದು ಶುದ್ಧ ಮಂಗತನ, ನಾನು ಮಾಡಿದ್ದೇನೆ ಅದಕ್ಕೇ ಹೇಳುದು. ಕೃಷಿಗೆ ಅಂತಲೇ ಮಂಗಳವಾರ ಶುಕ್ರವಾರ ಒಂದು ಬುಲೆಟಿನ್ ಬರ್ತದೆ, ಮೇಘದೂತ್ ಆಪಿನಲ್ಲೂ ಸಿಗ್ತದೆ, ಐದು ದಿನದ ಅಂದಾಜು ನೋಡ್ಲಿಕ್ಕೆ ಒಳ್ಳೆದು. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆಪ್.

ಇಷ್ಟೆಲ್ಲ ಮಾಡಿಯೂ 2025ರಲ್ಲಿ ಅರ್ಧ ಸೋತೆ. ಆ ವರ್ಷ ಮೇ 10ಕ್ಕೇ ಇಲಾಖೆ ಹೇಳಿತ್ತು, ಮುಂಗಾರು ಕೇರಳಕ್ಕೆ ಮೇ 27ಕ್ಕೆ, ನಾಲ್ಕು ದಿನ ಆಚೀಚೆ ಅಂತ. ಸಾಮಾನ್ಯಕ್ಕೆ ಜೂನ್ 1 ಅಲ್ವಾ, 2023ರಲ್ಲಿ ಅಂತೂ ಜೂನ್ 8ಕ್ಕೆ ಬಂದದ್ದು, ನಮ್ಮ ಕಡೆ ಎಲ್ಲರ ತಲೆಯಲ್ಲಿ ಮೇ 24ರ ಸುಮಾರಿಗೆ ಬರುವ ಪತ್ತನಾಜೆ ಕಳೀಲಿ ಆಮೇಲೆ ಮದ್ದು ಅಂತಲೇ ಇತ್ತು. ನಾನು ನಾಲ್ಕು ದಿನ ಆಚೀಚೆ ಅನ್ನುದನ್ನು ಈಚೆಗೇ ಲೆಕ್ಕ ಹಾಕಿ, 23 ಅಂತ ಇಟ್ಟುಕೊಂಡು, ಮೇ 16, 17ಕ್ಕೆ ಜನ ಬೇಕು ಅಂದೆ. ಸಿಕ್ಕಿದ್ದು ಒಂದೇ ದಿನಕ್ಕೆ, ಉಳಿದ ದಿನಗಳಿಗೆ ಅವರದ್ದು ಬೇರೆ ಕಡೆ ಮಾತಾಗಿತ್ತು. ಅರ್ಧ ತೋಟ ಆಯ್ತು. 20ರ ಹೊತ್ತಿಗೆ ಮಳೆ ಹಿಡೀತು, 24ಕ್ಕೆ ಮುಂಗಾರು ಬಂತು ಅಂತ ಘೋಷಣೆ, 2009ರ ನಂತರ ಇಷ್ಟು ಬೇಗ ಬಂದದ್ದು ಅದೇ. ಮದ್ದು ಬಿಟ್ಟಿದ್ದ ಮೇಲ್ಭಾಗದ ಅರ್ಧದಲ್ಲಿ ಹೆಚ್ಚೇನೂ ಹೋಗ್ಲಿಲ್ಲ, ತೋಡಿನ ಬದಿಯ ಅರ್ಧದಲ್ಲಿ ಗೊನೆ ಗೊನೆಯೇ ಬರಿದು. ಮುನ್ಸೂಚನೆ ಸರಿ ಇತ್ತು, ಓದಿದ್ದೂ ಸರಿ ಇತ್ತು, ಮರ ಹತ್ತುವವರು ಇಲ್ಲದಿದ್ರೆ ಆಪ್ ಹತ್ತುದಿಲ್ಲ. ಮರು ವರ್ಷಕ್ಕೆ ಅಂತ ನಾವು ಮೂರು ಮನೆಯವರು ಸೇರಿ ಕಾರ್ಬನ್ ಫೈಬರ್ ದೋಟಿ ತಗೊಂಡ್ವು, ನೆಲದಲ್ಲಿ ನಿಂತೇ ಮದ್ದು ಬಿಡ್ಬಹುದು, ಕುತ್ತಿಗೆ ನೋವು ಮಾತ್ರ ಫ್ರೀ.

ಅಡಿಕೆ ಒಣಗಿಸುವಾಗ ಕಥೆ ಬೇರೆ. ನವೆಂಬರಿನಲ್ಲಿ ಮಳೆ ಬರುವುದು ಕಡಲಿನಿಂದ ಅಲ್ಲ, ಮೂಡಿನಿಂದ, ಘಟ್ಟದ ಕಡೆಯಿಂದ. ಬೆಳಿಗ್ಗೆ ಚೊಕ್ಕ ಬಿಸಿಲು, ಮಧ್ಯಾಹ್ನ ಎರಡರ ಮೇಲೆ ಮೂಡಾಯಿ ದಿಕ್ಕಿನಲ್ಲಿ ಬಿಳಿ ಮೋಡ ಹೂಕೋಸಿನ ಹಾಗೆ ಏಳ್ತದೆ, ನಾಲ್ಕಕ್ಕೆ ಗುಡುಗು. ಇದಕ್ಕೆ ಮಾಡೆಲ್ ನೋಡಿ ಪ್ರಯೋಜನ ಕಡಿಮೆ, ಯಾವ ತೋಟದ ಮೇಲೆ ಅಂತ ಅದಕ್ಕೂ ಗೊತ್ತಾಗುದಿಲ್ಲ. ಇಲ್ಲಿ ನನಗೆ ಕೆಲಸಕ್ಕೆ ಬರುವುದು ಮೂಡು ಭಾಗದಲ್ಲಿ ಇರುವವರ ಮೆಸೇಜು. "ಇಲ್ಲಿ ಹನಿ ಶುರು" ಅಂತ ಒಬ್ರು ಹಾಕಿದ್ರೆ ನಮಗೆ ಅರ್ಧ ಮುಕ್ಕಾಲು ಗಂಟೆ ಸಿಗ್ತದೆ, ಅಂಗಳ ಗುಡಿಸಿ ರಾಶಿ ಮಾಡಿ ಟಾರ್ಪಾಲ್ ಹಾಕ್ಲಿಕ್ಕೆ ಅಷ್ಟು ಸಾಕು. ಚಾಲಿ ಅಡಿಕೆ ಒಣಗ್ಲಿಕ್ಕೆ ನಲವತ್ತು ನಲವತ್ತೈದು ದಿನ ಬೇಕು, ಅದರಲ್ಲಿ ಒಂದೇ ಒಂದು ಸಂಜೆ ತಪ್ಪಿದ್ರೂ ಬೂಸ್ಲು. ಪಾಲಿಹೌಸ್ ಮಾಡಿಸಿ ಅಂತ ಎಲ್ಲರೂ ಹೇಳ್ತಾರೆ, ಮಾಡಿಸ್ಬೇಕು, ದುಡ್ಡು ಆಗ್ಬೇಕಲ್ಲ.

ಮಳೆಮಾಪಕ ಇಡುವವರು ಇದ್ರೆ ಒಂದು ಮಾತು. ನನ್ನದರ ಬಾಯಿ 100 ಚದರ ಸೆಂಟಿಮೀಟರ್, ಒಳಗೆ 10 ಮಿಲ್ಲಿಲೀಟರ್ ನೀರು ಅಂದ್ರೆ 1 ಮಿ.ಮೀ. ಮಳೆ. ಕಳೆದ ಆಟಿಯಲ್ಲಿ, ಅಂದ್ರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಒಂದು ದಿನ ಬರೀ ತುಂತುರು ಬಂದು 6 ಮಿ.ಮೀ. ತೋರಿಸ್ತು, ಗ್ರೂಪಿನಲ್ಲಿ ಹಾಕಿದೆ, ಭಾವ 4 ಅಂತ ಹಾಕಿದ್ರು. ವಾದ ಆಯ್ತು. ಆಮೇಲೆ ಚೆಲ್ಲುವಾಗ ನೋಡಿದ್ರೆ ಒಳಗೊಂದು ಮರಗಪ್ಪೆ, ಕಣ್ಣು ಬಿಟ್ಕೊಂಡು ಕೂತಿದೆ. ಕಪ್ಪೆ ತೆಗೆದು ಮತ್ತೆ ಅಳೆದ್ರೆ ನಾಲ್ಕೇ.