ಇಂಟೇಕ್ ಬದಲಿಸಿದಾಗ ಬ್ರೀದರ್ ಹೋಸ್ ಎಲ್ಲಿಗೆ ಕೊಡಬೇಕು: ನನ್ನ ಅನುಭವ

ಇಂಟೇಕ್, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ದಾರಿ ಬದಲಿಸಿ ಕೋನ್ ಫಿಲ್ಟರ್ ಹಾಕಿಸಿದವರನ್ನು ಜನ ಕೇಳುವುದು ಎರಡೇ ಪ್ರಶ್ನೆ. ಸೌಂಡ್ ಹೇಗಿದೆ? ಪಿಕಪ್ ಜಾಸ್ತಿ ಆಯ್ತಾ? ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನಿಂದ ಹಳೇ ಏರ್ ಫಿಲ್ಟರ್ ಪೈಪಿಗೆ ಬರುತ್ತಿದ್ದ ಬೆರಳು ದಪ್ಪದ ರಬ್ಬರ್ ಹೋಸ್, ಅದೇ ಬ್ರೀದರ್, ಈಗ ಎಲ್ಲಿಗೆ ಹೋಗಿದೆ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಈ ಕೆಲಸದಲ್ಲಿ ತಲೆ ಓಡಿಸಬೇಕಾದದ್ದು ಅದೊಂದೇ, ಉಳಿದದ್ದೆಲ್ಲ ಕ್ಲಿಪ್ ಸಡಿಲ ಮಾಡಿ ಕ್ಲಿಪ್ ಬಿಗಿ ಮಾಡುವ ಕೆಲಸ.

ನನ್ನದು ಹಳೇ ಪೆಟ್ರೋಲ್ ಸ್ವಿಫ್ಟ್. 2010ರಲ್ಲಿ 1.2 ಲೀಟರಿನ ಕೆ ಸೀರೀಸ್ ಬರುವ ಮುಂಚೆ ಇತ್ತಲ್ಲ, ಆ 1.3. 1298 ಸಿಸಿಯ ಜಿ13 ಎಂಜಿನ್, ಎಸ್ಟೀಮ್ ಮತ್ತು ಜಿಪ್ಸಿ ಕಿಂಗ್‌ನಲ್ಲಿ ಬಂದ ಅದೇ ವಂಶದ್ದು. ಅದಕ್ಕೆ ಅಲ್ಯೂಮಿನಿಯಂ ಪೈಪು, ತುದಿಗೊಂದು ಕೋನ್ ಫಿಲ್ಟರ್ ಹಾಕಿದೆ. ಯಾಕೆ ಅಂದರೆ ಸೌಂಡ್‌ಗೆ. ಪವರ್ ಬರುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಈ ಎಂಜಿನ್‌ನಲ್ಲಿ ಬರೀ ಫಿಲ್ಟರ್ ಬದಲಿಸಿದರೆ ಸ್ಟೀರಿಂಗ್ ಹಿಡಿದವನಿಗೆ ಗೊತ್ತಾಗುವಷ್ಟು ಏನೂ ಬರುವುದಿಲ್ಲ.

ಕಿಟ್ ತೆಗೆದು ನೋಡಿದರೆ ಪೈಪಿನಲ್ಲಿ ಬ್ರೀದರ್‌ಗೆ ಜಾಗವೇ ಇರಲಿಲ್ಲ. ನುಣ್ಣಗಿನ ಪೈಪು, ಅಷ್ಟೇ. ಹಾಕಿಕೊಡಲು ಒಪ್ಪಿದ್ದ ಗ್ಯಾರೇಜಿನ ಹುಡುಗ ಒಂದು ಬೋಲ್ಟ್ ಹುಡುಕಿ ತಂದ. "ಸಾರ್, ಈ ಹೋಸ್‌ಗೆ ಬೋಲ್ಟ್ ಹಾಕಿ ಕ್ಲಿಪ್ ಟೈಟ್ ಮಾಡ್ತೀನಿ, ಬೇಡ ಅಂದ್ರೆ ಒಂದು ಸಣ್ಣ ಫಿಲ್ಟರ್ ಸಿಗುತ್ತೆ, ಸಿಕ್ಕಿಸಿ ಬಿಡೋಣ. ಎಲ್ಲರಿಗೂ ಹಾಗೇ ಮಾಡೋದು." ಎರಡೂ ಬೇಡ ಅಂದೆ, ಪೈಪು ಎತ್ತಿಕೊಂಡು ಮನೆಗೆ ಬಂದೆ.

ಯಾಕೆ ಬೇಡ ಅನ್ನುವುದು ಗೊತ್ತಾಗಬೇಕಾದರೆ ಈ ಹೋಸ್ ಏನು ಮಾಡುತ್ತದೆ ಅಂತ ತಿಳಿಯಬೇಕು. ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿರಲಿ, ಉರಿದ ಗ್ಯಾಸ್ ಸ್ವಲ್ಪ ಪಿಸ್ಟನ್ ಪಕ್ಕದಿಂದ ನುಸುಳಿ ಎಂಜಿನ್‌ನ ಕೆಳಭಾಗಕ್ಕೆ, ಅಂದರೆ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಅದರ ಜೊತೆ ಅರ್ಧಂಬರ್ಧ ಉರಿದ ಪೆಟ್ರೋಲು, ನೀರಿನ ಆವಿ. ಇದನ್ನು ಬ್ಲೋ ಬೈ ಅಂತಾರೆ. ಹಿಂದಿನ ಕಾಲದ ಕಾರುಗಳಲ್ಲಿ ಒಂದು ಪೈಪು ಕೆಳಗೆ ಬಿಟ್ಟು ಇದನ್ನೆಲ್ಲ ರಸ್ತೆಗೆ ಸುರಿಯುತ್ತಿದ್ದರು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಕಾಟ ತಡೆಯಲಾರದೆ, ಈ ಗ್ಯಾಸನ್ನು ಎಂಜಿನ್‌ಗೇ ವಾಪಸ್ ಕಳಿಸಿ ಉರಿಸುವ ಪಿಸಿವಿ ವಾಲ್ವ್ ತಂದರು, ಆಮೇಲೆ ಅದು ಎಲ್ಲ ಕಡೆ ಬಂತು.

ಟ್ಯಾಪೆಟ್ ಕವರ್‌ಗೆ ಎರಡು ದಾರಿ ಇವೆ. ಒಂದರಲ್ಲಿ ಪಿಸಿವಿ ವಾಲ್ವ್, ಅದು ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ, ಅಂದರೆ ಪೆಡಲ್ ಒತ್ತಿದಷ್ಟು ಗಾಳಿ ಬಿಡುವ ತ್ರಾಟಲ್ ದಾಟಿದ ಮೇಲೆ. ಇನ್ನೊಂದು ನಾವು ಮಾತಾಡುತ್ತಿರುವ ಬ್ರೀದರ್, ಅದು ಫಿಲ್ಟರ್‌ಗೂ ತ್ರಾಟಲ್‌ಗೂ ನಡುವೆ ಸೇರುತ್ತದೆ. ಐಡಲ್‌ನಲ್ಲಿ, ಅಂದರೆ ಪೆಡಲ್ ಮುಟ್ಟದೆ ಎಂಜಿನ್ ಓಡುತ್ತಿರುವಾಗ, ಮ್ಯಾನಿಫೋಲ್ಡ್ ಒಳಗಿನ ಒತ್ತಡ 30ರಿಂದ 40 ಕಿಲೋಪ್ಯಾಸ್ಕಲ್ ಇರುತ್ತದೆ, ಹೊರಗಿನ ಗಾಳಿಯದ್ದು ಬೆಂಗಳೂರಿನ ಎತ್ತರದಲ್ಲಿ 90ರ ಆಸುಪಾಸು. ಹಾಗಾಗಿ ಪಿಸಿವಿ ಜೋರಾಗಿ ಎಳೆಯುತ್ತದೆ, ಅದು ಎಳೆದಷ್ಟಕ್ಕೆ ಸರಿಯಾಗಿ ಬ್ರೀದರ್ ಹೋಸ್‌ನಿಂದ ಶುದ್ಧ ಗಾಳಿ ಕ್ರ್ಯಾಂಕ್‌ಕೇಸ್ ಒಳಗೆ ಹೋಗುತ್ತದೆ. ಪೆಡಲ್ ಪೂರ್ತಿ ಒತ್ತಿ, ಕಥೆ ಉಲ್ಟಾ. ಮ್ಯಾನಿಫೋಲ್ಡ್‌ನಲ್ಲಿ ಎಳೆತ ಹೆಚ್ಚುಕಮ್ಮಿ ಇಲ್ಲ, ಬ್ಲೋ ಬೈ ಮಾತ್ರ ಆಗಲೇ ಜಾಸ್ತಿ. ಆಗ ಅದೇ ಹೋಸ್‌ನಲ್ಲಿ ಗ್ಯಾಸ್ ಹೊರಗೆ ಬಂದು ಇಂಟೇಕ್ ಪೈಪ್ ಸೇರುತ್ತದೆ. ಒಂದೇ ಹೋಸ್, ಎರಡೂ ಕಡೆ ಉಸಿರಾಟ. ಇದನ್ನು ಹೊಗೆ ಬಿಡುವ ಪೈಪು ಅಂತ ಮಾತ್ರ ತಿಳಿದವರು ಬೋಲ್ಟ್ ಹಾಕುತ್ತಾರೆ ಇಲ್ಲವೇ ಗಾಳಿಗೆ ಬಿಡುತ್ತಾರೆ.

ಬೋಲ್ಟ್ ಹಾಕಿದರೆ ಏನಾಗುತ್ತದೆ? ಘಾಟಿ ಹತ್ತುವಾಗ, ಹೈವೇಯಲ್ಲಿ ಎಳೆಯುವಾಗ ಒಳಗೆ ಒತ್ತಡ ಕಟ್ಟುತ್ತದೆ. ಅದು ದಾರಿ ಹುಡುಕಿಕೊಳ್ಳುವುದು ಟ್ಯಾಪೆಟ್ ಕವರ್ ಗ್ಯಾಸ್ಕೆಟ್‌ನಲ್ಲಿ, ಡಿಪ್‌ಸ್ಟಿಕ್‌ನಲ್ಲಿ, ಕೊನೆಗೆ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್‌ನಲ್ಲಿ. ಆ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಸೌಂಡ್ ಬೇಕು ಅಂತ ಹೋಗಿ ಗೇರ್‌ಬಾಕ್ಸ್ ಇಳಿಸುವುದಾ?

ಸಣ್ಣ ಫಿಲ್ಟರ್ ಅಷ್ಟು ಕೆಟ್ಟದ್ದಲ್ಲ, ಆದರೆ ನನಗೆ ಇಷ್ಟವಿಲ್ಲ. ಎಣ್ಣೆ ಮಂಜು ಬಾನೆಟ್ ಕೆಳಗೆಲ್ಲ ಹರಡುತ್ತದೆ, ಅದರ ಮೇಲೆ ನಮ್ಮ ಕೆಂಪು ಧೂಳು ಅಂಟುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ವಾಸನೆ ಏಸಿ ವೆಂಟ್‌ನಿಂದ ಒಳಗೆ ಬರುತ್ತದೆ. ಎಣ್ಣೆಯಲ್ಲಿ ನೆಂದು ಫಿಲ್ಟರ್ ಕಟ್ಟಿಕೊಂಡರೆ ಬೋಲ್ಟ್ ಹಾಕಿದ ಹಾಗೇ ಆಯಿತು. ಬಿಎಸ್ (ಭಾರತ್ ಸ್ಟೇಜ್) ಮಾಲಿನ್ಯ ನಿಯಮದ ಪ್ರಕಾರ ಕ್ರ್ಯಾಂಕ್‌ಕೇಸ್ ಗ್ಯಾಸ್ ಹೊರಗೆ ಬಿಡುವ ಹಾಗೂ ಇಲ್ಲ, ಕಂಪನಿ ಗಾಡಿಗೆ ಮಂಜೂರಾತಿ ಕೊಡುವಾಗ ಅದಕ್ಕೊಂದು ಪರೀಕ್ಷೆಯೇ ಇದೆ. ತಮಾಷೆ ಅಂದರೆ ನಮ್ಮ ಎಮಿಷನ್ ಟೆಸ್ಟ್‌ನಲ್ಲಿ ಕೊಳವೆ ತೂರಿಸುವುದು ಸೈಲೆನ್ಸರ್‌ಗೆ ಮಾತ್ರ, ಬಾನೆಟ್ ಯಾರೂ ಎತ್ತುವುದಿಲ್ಲ.

"ಎಲ್ಲರಿಗೂ ಹಾಗೇ ಮಾಡಿದ್ದೀನಿ, ಏನೂ ಕಂಪ್ಲೇಂಟ್ ಬಂದಿಲ್ಲ" ಅಂತ ಆ ಹುಡುಗ ಹೇಳಿದ್ದು ಸುಳ್ಳಲ್ಲ. ಈ ಸ್ವಿಫ್ಟ್‌ನಲ್ಲಿ ಇರುವುದು ಮ್ಯಾಪ್ ಸೆನ್ಸರ್. ಅದು ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕಿಸುತ್ತದೆ, ಗಾಳಿ ಯಾವ ದಾರಿಯಿಂದ ಬಂತು ಅನ್ನುವುದು ಅದಕ್ಕೆ ಬೇಕಿಲ್ಲ. ಹಾಗಾಗಿ ಬ್ರೀದರ್ ಬಿಚ್ಚಿಟ್ಟರೂ ಎಂಜಿನ್ ಸುಮ್ನೆ ಓಡುತ್ತದೆ. ಪೈಪಿನಲ್ಲಿ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಪೆಟ್ರೋಲ್ ಕಾರಿನಲ್ಲಿ ಇದೇ ಕೆಲಸ ಮಾಡಿದರೆ ಅಳತೆಗೆ ಸಿಗದ ಗಾಳಿ ಬ್ರೀದರ್‌ನಿಂದ ನುಗ್ಗಿ ಪಿಸಿವಿ ಮೂಲಕ ಒಳಗೆ ಸೇರುತ್ತದೆ. ಮಿಕ್ಸ್ಚರ್ ಲೀನ್ ಆಗುತ್ತದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ), ಐಡಲ್ ಏರಿಳಿಯುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಒಬ್ಬರ ಕಾರಿನಲ್ಲಿ ನಡೆದದ್ದು ನಿಮ್ಮದರಲ್ಲಿ ನಡೆಯಬೇಕಿಲ್ಲ ಅಂತ ಹೇಳುವುದು ಇದಕ್ಕೇ.

ಸರಿ, ನಾನು ಮಾಡಿದ್ದು. ಪೈಪನ್ನು ಕಾರಿಗೆ ಒಂದು ಸಲ ಸುಮ್ನೆ ಕೂರಿಸಿ, ಬ್ರೀದರ್ ಹೋಸ್ ತಿರುಚಿಕೊಳ್ಳದೆ ಎಲ್ಲಿಗೆ ಮುಟ್ಟುತ್ತದೆ ಅಂತ ಮಾರ್ಕರ್‌ನಿಂದ ಗುರುತು ಹಾಕಿದೆ. ಫಿಲ್ಟರ್ ಆದ ಮೇಲೆ, ತ್ರಾಟಲ್‌ಗಿಂತ ಮುಂಚೆ, ಪೈಪಿನ ಮೇಲ್ಭಾಗದ ಪಕ್ಕದಲ್ಲಿ. ಮ್ಯಾಫ್ ಇದ್ದರೆ ಅದನ್ನು ದಾಟಿ ಆದಷ್ಟು ದೂರ ಕೊಡಬೇಕು, ಇಲ್ಲದಿದ್ದರೆ ಎಣ್ಣೆ ಸೆನ್ಸರ್ ಮೇಲೇ ಕೂರುತ್ತದೆ. ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ನಿಪ್ಪಲ್ ಒಂದನ್ನು ತಿರುಗಿಸಿಕೊಟ್ಟರು. ಒಳವ್ಯಾಸ ಹಳೇ ಪೈಪಿನ ನಿಪ್ಪಲ್‌ನಷ್ಟೇ ಇರಬೇಕು ಅಂತ ವರ್ನಿಯರ್ ಹಿಡಿಸಿ ನೋಡಿದೆ, ಸಣ್ಣದಾದರೆ ಫುಲ್ ತ್ರಾಟಲ್‌ನಲ್ಲಿ ಅದೇ ಒಂದು ಅಡ್ಡಿ. ಹೋಸ್ ಜಾರದ ಹಾಗೆ ತುದಿಗೆ ಸಣ್ಣ ಉಬ್ಬು ಬಿಡಿಸಿದೆ. ಪಕ್ಕದ ಅಂಗಡಿಯಲ್ಲೇ ಆರ್ಗಾನ್ ವೆಲ್ಡಿಂಗ್. ಒಳಗೆ ಚಾಚಿದ್ದನ್ನು ಪೈಪಿನ ಮಟ್ಟಕ್ಕೆ ಫೈಲ್ ಮಾಡಿ, ಪೈಪನ್ನು ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಎಳೆದು ಒಣಗಿಸಿದೆ. ಡ್ರಿಲ್, ಫೈಲ್ ಏನೇ ಇದ್ದರೂ ಪೈಪು ಕಾರಿನಿಂದ ಹೊರಗಿರುವಾಗ ಮಾತ್ರ. ಒಂದು ಚೂರು ಅಲ್ಯೂಮಿನಿಯಂ ತ್ರಾಟಲ್ ದಾಟಿದರೆ ಆಮೇಲೆ ಅದನ್ನು ಹುಡುಕಲು ಹೆಡ್ ಬಿಚ್ಚಬೇಕಾಗುತ್ತದೆ. ವೆಲ್ಡಿಂಗ್ ಸಿಗದ ಕಡೆ ರಬ್ಬರ್ ಗ್ರೋಮೆಟ್ ಹಾಕಿ ಪ್ಲಾಸ್ಟಿಕ್ ಎಲ್ಬೋ ಕೂರಿಸುವವರೂ ಇದ್ದಾರೆ, ಗಟ್ಟಿಯಾಗಿ ಕೂತರೆ ಸಾಕು. ಎಂ ಸೀಲ್ ಮೆತ್ತುವುದು ಮಾತ್ರ ಬೇಡ, ಬಿಸಿಗೆ, ಅದುರುವಿಕೆಗೆ ಬಿರುಕು ಬಿಟ್ಟರೆ ಚೂರುಗಳು ಒಳಗೇ ಹೋಗುತ್ತವೆ.

ಹೋಸ್‌ನಲ್ಲಿ ಕಂಜೂಸ್ ಮಾಡಬೇಡಿ. ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರೋಡಿಗೆ ಹೋದಾಗ ಹಳೇ ಹೋಸ್ ಕೈಯಲ್ಲೇ ಹಿಡಿದುಕೊಂಡು ಹೋಗಿ, ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಹೋಸ್ ಅಂತ ಕೇಳಿ. ನೋಡಲು ಹಾಗೇ ಇರುವ ಹೀಟರ್ ಹೋಸ್ ಕೊಡುತ್ತಾರೆ. ಅದು ಕೂಲೆಂಟ್‌ಗೆ ಮಾಡಿದ್ದು, ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಟ್ಯಾಪೆಟ್ ಕವರ್‌ನಿಂದ ಪೈಪಿನವರೆಗೆ ಹೋಸ್ ಏರುತ್ತಲೇ ಹೋಗಬೇಕು. ನಡುವೆ ಜೋತುಬಿದ್ದರೆ ಆ ಹೊಟ್ಟೆಯಲ್ಲಿ ನೀರು, ಎಣ್ಣೆ ಸೇರಿ ಕೂರುತ್ತದೆ. ಡಿಸೆಂಬರಿನಲ್ಲಿ ದಿನಾ ಆಫೀಸಿಗೆ ಹತ್ತಿರದ ಓಡಾಟ ಮಾತ್ರ ಇರುವವರ ಕಾರಿನಲ್ಲಿ ಆಯಿಲ್ ಮುಚ್ಚಳ ತೆಗೆದು ನೋಡಿ, ಒಳಗೆ ಮಜ್ಜಿಗೆ ಬಣ್ಣದ ಲೋಳೆ ಕಂಡರೆ ಹೆಚ್ಚಾಗಿ ಅದು ಹೀಗೆ ನೀರಿನ ಆವಿ, ಎಣ್ಣೆ ಬೆರೆತದ್ದೇ. ಕೂಲೆಂಟ್ ಮಟ್ಟ ಇಳಿಯುತ್ತಿಲ್ಲ ಅಂತಾದರೆ ಹೆಡ್ ಗ್ಯಾಸ್ಕೆಟ್ ಅಂತ ಗಾಬರಿಯಾಗಬೇಕಿಲ್ಲ.

ಬ್ರೀದರ್ ಕೆಲಸಕ್ಕೆ ಹೇಗೂ ಕೈ ಹಾಕಿದ್ದೇನಲ್ಲ ಅಂತ ಪಿಸಿವಿ ವಾಲ್ವ್ ಕೂಡ ಬಿಚ್ಚಿ ನೋಡಿದೆ. ಅಲ್ಲಾಡಿಸಿದರೆ ಟಕಟಕ ಅನ್ನಬೇಕು. ಅನ್ನದಿದ್ದರೆ ಕಾರ್ಬನ್ ಕಟ್ಟಿದೆ ಅಂತ ಅರ್ಥ, ತೊಳೆಯುತ್ತಾ ಕೂರಬೇಡಿ, ಹೊಸದೇನೂ ದುಬಾರಿ ಅಲ್ಲ.

ಎಲ್ಲ ಜೋಡಿಸಿ ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲೇ ಬ್ರೀದರ್ ಹೋಸ್ ಅನ್ನು ಪೈಪಿನ ಕಡೆಯಿಂದ ಬಿಚ್ಚಿ ತುದಿಗೆ ಬೆರಳು ಹಿಡಿದೆ. ಮೆಲ್ಲಗೆ ಎಳೆಯಿತು. ಅದೇ ಬೇಕಾದದ್ದು. ಐಡಲ್‌ನಲ್ಲೇ ಹೊರಕ್ಕೆ ಬುಸುಬುಸು ಊದುತ್ತಿದ್ದರೆ ಪಿಸಿವಿ ಕಟ್ಟಿದೆ, ಇಲ್ಲ ರಿಂಗ್ ಸವೆದಿದೆ. ರಿಂಗ್ ಸವೆದಿದ್ದರೆ ಇಂಟೇಕ್ ಕಿಟ್‌ನ ದುಡ್ಡನ್ನು ಎಂಜಿನ್‌ಗೆ ಎತ್ತಿಡಿ. ಆಮೇಲೆ ನಂದಿ ಬೆಟ್ಟಕ್ಕೆ ಒಂದು ಸುತ್ತು, ಎರಡನೇ ಗೇರ್‌ನಲ್ಲಿ ಚೆನ್ನಾಗಿ ಎಳೆದು ಹತ್ತಿಸಿ ಮೇಲೆ ಹೋಗಿ ಬಾನೆಟ್ ಎತ್ತಿ ನೋಡಿದೆ. ನಿಪ್ಪಲ್ ಒಳಗೆ ತೆಳ್ಳಗೆ ಎಣ್ಣೆಯ ಪಸೆ, ತೊಟ್ಟಿಕ್ಕುವಷ್ಟಲ್ಲ. ಅಷ್ಟು ಇದ್ದೇ ಇರುತ್ತದೆ.

ಬ್ರೀದರ್ ಹೋಸ್ ನಡುವೆ ಎಣ್ಣೆ ಹಿಡಿದಿಡುವ ಡಬ್ಬಿ, ಅಂದರೆ ಕ್ಯಾಚ್ ಕ್ಯಾನ್ ಹಾಕಲಾ ಅಂತ ಕೇಳುವವರಿಗೆ: ನನ್ನಂಥ ಕಾರಿಗೆ ಬೇಕಿಲ್ಲ, ಹಾಗಾಗಿ ನಾನು ಹಾಕಿಲ್ಲ. ಟರ್ಬೊ ಇರುವ ಕಾರಿಗೆ ವಿಚಾರ ಬೇರೆ. ನನ್ನ ಗೆಳೆಯನ ಡೀಸೆಲ್ ಸ್ವಿಫ್ಟ್‌ನಲ್ಲಿ ಬ್ರೀದರ್ ಟರ್ಬೊ ಮುಂಚಿನ ಪೈಪಿಗೆ ಸೇರುತ್ತದೆ, ಎಣ್ಣೆ ಟರ್ಬೊದ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ತನಕ ಹೋಗಿ ಕೂರುತ್ತದೆ. ಅವನು ಹಾಕಿದ. ಹಾಕುವುದಾದರೆ ಒಳಗೆ ಅಡ್ಡ ಪ್ಲೇಟ್ ಇರುವುದು, ಎರಡೂ ಕಡೆ ಹೋಸ್ ಸೇರುವುದು ತೆಗೆದುಕೊಳ್ಳಿ. ಮೇಲೆ ಸಣ್ಣ ಫಿಲ್ಟರ್ ಕೂತ ಡಬ್ಬಿ ಆದರೆ ಮತ್ತೆ ಗಾಳಿಗೆ ಬಿಟ್ಟ ಹಾಗೇ. ಒಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ, ಎಳೆ ಬಿಟ್ಟರೆ ಅದು ನೇರ ಟರ್ಬೊಗೆ. ಆಯಿಲ್ ಬದಲಿಸುವಾಗಲೆಲ್ಲ ಖಾಲಿ ಮಾಡಬೇಕು, ಮಳೆಗಾಲ ಚಳಿಗಾಲದಲ್ಲಿ ಇನ್ನೂ ಬೇಗ.

ಹಳೇ ಏರ್ ಬಾಕ್ಸ್, ಅದರ ಪೈಪು ಎಲ್ಲ ಜೋಪಾನವಾಗಿ ಎತ್ತಿಟ್ಟಿದ್ದೇನೆ. ಗಾಡಿ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು ಆರ್‌ಟಿಒದವರು ಕೇಳಿದರೆ, ಇನ್ಶೂರೆನ್ಸ್‌ನವರು ತಕರಾರು ತೆಗೆದರೆ, ಸಂಜೆಯೊಳಗೆ ವಾಪಸ್ ಕೂರಿಸಬಹುದು. ಬ್ರೀದರ್ ಹೋಸ್ ಕತ್ತರಿಸದೆ ಹೊಸದು ತಂದದ್ದೂ ಅದಕ್ಕೇ.